ದಿಂಬಿನ ಪಕ್ಕದ ಥರ್ಮಾಮೀಟರು

ಮೊದಲ ಮಗು ಕೇಳದೆಯೇ ಬಂದುಬಿಟ್ಟವರಿಗೆ ಒಂದು ಸಣ್ಣ ಜಂಬ ಇರುತ್ತದೆ. ನನಗೂ ಇತ್ತು. ಮದುವೆಯಾಗಿ ಮರ್ಫಿ ಟೌನಿನ ಬಾಡಿಗೆ ಮನೆಗೆ ಪರದೆ ಹೊಲಿಸುವಷ್ಟರಲ್ಲಿ ಇಂಚರ ಹೊಟ್ಟೆಯಲ್ಲಿದ್ದಳು. ಎರಡನೆಯದೂ ಹಾಗೆಯೇ, ಕರೆದರೆ ಸಾಕು, ಆಟೋ ಹತ್ತಿ ಬಂದುಬಿಡುತ್ತದೆ ಎಂದುಕೊಂಡಿದ್ದೆ. ಈಗ ಇಂಚರಳಿಗೆ ಮೂರು ತುಂಬಿದೆ. ಎದೆಹಾಲು ಬಿಟ್ಟಿದ್ದಾಳೆ, ಎತ್ತಿಕೊಳ್ಳಲು ಹೋದರೆ 'ನಾನೇ ನಡೀತೀನಿ' ಎನ್ನುತ್ತಾಳೆ. ನನ್ನ ಮಡಿಲಿಗೆ ಕೆಲಸವೇ ಇಲ್ಲ. ಬೀದಿಯಲ್ಲಿ ಯಾರದೋ ಹೆಗಲ ಮೇಲೆ ಎಳೆಕೂಸು ನಿದ್ದೆ ಮಾಡುತ್ತಿದ್ದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಕಿತ್ತುಕೊಂಡು ಓಡಿಬಿಡೋಣ ಅನ್ನಿಸುತ್ತದೆ.

ತೊಂದರೆಯೇನೆಂದರೆ, ಹೆರಿಗೆಯಾದ ಮೇಲೆ ನನ್ನ ಮುಟ್ಟು ಅದರ ಇಷ್ಟಕ್ಕೆ ಬರುತ್ತದೆ. ಒಮ್ಮೆ ಅವಸರದಲ್ಲಿ, ಒಮ್ಮೆ ವಿಳಾಸ ಮರೆತ ನೆಂಟರ ಹಾಗೆ ತಡವಾಗಿ. ಇಂದಿರಾನಗರದ ಡಾಕ್ಟರಮ್ಮ ಒಂದು ಥರ್ಮಾಮೀಟರು ಬರೆದುಕೊಟ್ಟರು. 'ಬೆಳಿಗ್ಗೆ ಎಚ್ಚರ ಆದ ತಕ್ಷಣ, ಮಂಚದಿಂದ ಇಳಿಯೋಕೆ ಮುಂಚೆ ನೋಡ್ಕೊಂಡು ಫೋನಿನ ಆ್ಯಪಲ್ಲಿ ಹಾಕ್ತಾ ಹೋಗಿ, ಅದೇ ಚಾರ್ಟ್ ಮಾಡುತ್ತೆ. ಓವ್ಯುಲೇಷನ್, ಅಂದ್ರೆ ಅಂಡ ಬಿಡುಗಡೆ ಆದ್ಮೇಲೆ ಟೆಂಪರೇಚರ್ ಸ್ವಲ್ಪ ಏರುತ್ತೆ. ಏರಿದ್ದು ಇಳೀದೇ ಇದ್ರೆ ಒಳ್ಳೇ ಸುದ್ದಿ ಇರ್ಬಹುದು' ಎಂದರು.

ಅಂದಿನಿಂದ ನಮ್ಮ ಸಂಸಾರದ ಸರಸವೆಲ್ಲ ಫೋನಿನ ಅಪ್ಪಣೆಯಂತೆ ನಡೆಯತೊಡಗಿತು. 'ರೀ, ಇವತ್ತು ಬೇಗ ಬನ್ನಿ' ಎಂದು ನನ್ನ ಗಂಡ ಸುರೇಶರಿಗೆ ಕರೆ ಮಾಡಿದರೆ, 'ಕೆ.ಆರ್. ಪುರಂ ಬ್ರಿಡ್ಜ್ ಮೇಲಿದೀನಿ ಕಣೇ. ನಿನ್ನ ಚಾರ್ಟ್ ವಿಷ್ಯ ಈ ಟ್ರಾಫಿಕ್ಕಿಗೆ ಹೇಳು' ಎನ್ನುತ್ತಿದ್ದರು. ಬರುವಷ್ಟರಲ್ಲಿ ನಾನು ಸಿಟ್ಟಿನಲ್ಲಿ, ಅವರು ನಿದ್ದೆಯಲ್ಲಿ. ಅಂಥ ದಿನಗಳಲ್ಲಿ ದೇವರೇ ಬಂದರೂ ಮಗು ಆಗುತ್ತಿರಲಿಲ್ಲ.

ಇನ್ನು ನನ್ನ ಸೋಮಾರಿತನ. ಥರ್ಮಾಮೀಟರು ಬಾಯಲ್ಲಿ ಬೀಪ್ ಎಂದರೆ ಕಣ್ಣು ಬಿಡದೆ ತೆಗೆದು ದಿಂಬಿನ ಪಕ್ಕ ಇಟ್ಟು ಮತ್ತೆ ಮಲಗುತ್ತಿದ್ದೆ. ಅವಸರವೇನಿದೆ? ಎದ್ದ ಮೇಲೆ ಗುಂಡಿ ಒತ್ತಿದರೆ ಕೊನೆಯ ಸಲ ನೋಡಿದ ಅಂಕಿಯನ್ನು ಅದೇ ತೋರಿಸುತ್ತದೆ.

ಕಳೆದ ತಿಂಗಳು ಫೋನಿನ ಗೆರೆ ಏರಿತು. ಏರಿದ್ದು ಇಳಿಯಲಿಲ್ಲ. ಮುಟ್ಟಿನ ದಿನ ದಾಟಿದರೂ ಇಳಿಯಲಿಲ್ಲ. ನಾನು ಯಾರಿಗೂ ಹೇಳದೆ, ಮೆಟ್ಟಿಲನ್ನು ಕೂಡ ಮೆಲ್ಲಗೆ ಇಳಿಯುತ್ತಾ ಓಡಾಡಿದೆ. ಗರ್ಭದ ಪರೀಕ್ಷೆ ಮಾಡಿ ನೋಡಲು ಧೈರ್ಯ ಬರಲಿಲ್ಲ, ಗೊತ್ತಿಲ್ಲದಿರುವುದೇ ಹಿತವಾಗಿತ್ತು. ರವಿಕೆಗೆ ಲೈನಿಂಗ್ ಬಟ್ಟೆ ತರಲು ಶಿವಾಜಿನಗರಕ್ಕೆ ಹೋದವಳ ಕಾಲು ಮಕ್ಕಳ ಬಟ್ಟೆಯಂಗಡಿಯ ಮುಂದೆ ನಿಂತುಬಿಟ್ಟಿತು. ಹುಟ್ಟುವ ಮುಂಚೆ ಕೂಸಿಗೆ ಬಟ್ಟೆ ತರಬಾರದು ಎಂಬುದು ನಮ್ಮಮ್ಮನ ಕಟ್ಟುನಿಟ್ಟು. ಆದರೂ ಹತ್ತಿಯ ಒಂದು ಪುಟ್ಟ ಅಂಗಿ ಕೈಗೆತ್ತಿಕೊಂಡೆ.

'ಮಗೂಗೆ ಎಷ್ಟು ತಿಂಗ್ಳು ಬೇಟೀ?' ಎಂದರು ಅಂಗಡಿಯ ಸಾಹೇಬರು.

'ಇನ್ನೂ ತಿಂಗ್ಳಾಗಿಲ್ಲ' ಎಂದೆ. ಸುಳ್ಳಂತೂ ಅಲ್ಲ.

'ಅರೇ, ಹಂಗಾದ್ರೆ ಇದು ಲೂಸ್ ಆಗುತ್ತೆ' ಎಂದು ಇನ್ನೂ ಚಿಕ್ಕದನ್ನು ಹುಡುಕಿ ಕೊಟ್ಟರು. ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ.

ಮಾರನೆಯ ಬೆಳಿಗ್ಗೆ ಸುರೇಶರು ಭುಜ ಅಲುಗಿಸಿ ಎಬ್ಬಿಸಿದರು. 'ಏಯ್, ನಿನ್ನ ಚಾರ್ಟ್ ಇಲ್ಲಿ ಕೂತಿದೆ ನೋಡು.' ನನ್ನ ದಿಂಬಿನ ಪಕ್ಕ ಇಂಚರ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಥರ್ಮಾಮೀಟರು ಅವಳ ಬಾಯಲ್ಲಿತ್ತು.

'ಯಾಕೆ ಚಿನ್ನಾ, ದಿನಾ ಹೀಗೇ ಮಾಡ್ತೀಯಾ?' ಎಂದೆ.

ಬೀಪ್ ಎನ್ನುವವರೆಗೆ ಕಾದು, ತೆಗೆದು ಹೇಳಿದಳು: 'ಇದನ್ನ ನೋಡ್ತಾ ಇದ್ರೆ ಪಾಪು ಬರುತ್ತೆ ಅಂತ ನೀನೇ ಅಪ್ಪಂಗೆ ಹೇಳ್ದೆ ಅಲ್ವಾ? ನೀನು ನೋಡ್ದೇನೇ ಮಲ್ಕೊಂಡ್ಬಿಡ್ತೀಯಾ. ಅದಕ್ಕೇ ನಾನು ನೋಡ್ತೀನಿ.'

ಅಷ್ಟು ದಿನ ನಾನು ಫೋನಿಗೆ ತುಂಬಿದ್ದು ನನ್ನ ಮಗಳ ಮೈಬಿಸಿ; ಮಕ್ಕಳ ಮೈ ದೊಡ್ಡವರದಕ್ಕಿಂತ ಒಂದಿಷ್ಟು ಬಿಸಿಯೇ ತಾನೆ. ಸುರೇಶರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ಮುಟ್ಟಾಯಿತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಎಂದೂ ಇರದಿದ್ದ ಕೂಸಿಗಾಗಿ ಚೆನ್ನಾಗಿ ಅತ್ತೆ. ಇರಲಿಲ್ಲ ಎಂದು ಗೊತ್ತಾದ ಮೇಲೂ ಅದು ಹೋಯಿತು ಎಂದೇ ದುಃಖವಾಯಿತು.

ಈಗ ನಾನು ಸುಧಾರಿಸಿದ್ದೇನೆ. ಬೀಪ್ ಎಂದ ಕೂಡಲೇ ಅಂಕಿ ನೋಡುತ್ತೇನೆ. 'ಪರವಾಗಿಲ್ಲ, ಶಿಸ್ತು ಬಂದಿದೆ' ಎಂದು ಸುರೇಶರು ಮೆಚ್ಚಿಕೊಂಡಿದ್ದಾರೆ. ಅವರಿಗೆ ತಿಳಿಯದ್ದು ಇಷ್ಟೇ: ಯಾವ ಬೆಳಿಗ್ಗೆ ಅಂಕಿ ತೀರಾ ಕೆಳಗಿಳಿದಿರುತ್ತದೋ ಆ ಬೆಳಿಗ್ಗೆ ಅದನ್ನು ಫೋನಿಗೆ ಹಾಕುವುದಿಲ್ಲ. ಥರ್ಮಾಮೀಟರನ್ನು ಇಂಚರಳ ಕೈಗೆ ಸಿಗುವಂತೆ ಮೆಲ್ಲಗೆ ಆಚೆ ಸರಿಸಿ, ಕಣ್ಣು ಮುಚ್ಚಿಕೊಂಡು, ಅವಳಿಗೆ ನಂಬಿಕೆ ಬರಲೆಂದು ಸಣ್ಣಗೆ ಗೊರಕೆಯನ್ನೂ ಹೊಡೆಯುತ್ತೇನೆ.