ಹಾಜರಿ ಪುಸ್ತಕದಲ್ಲಿಲ್ಲದ ಎರಡು ಮೂತ್ರಪಿಂಡಗಳ ಪರವಾಗಿ

ಸೌಂದರ್ಯ ಸಾಮಗ್ರಿ ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಮೂರನೇ ಕೌಂಟರಿನ ಮಾರಾಟಗಾರ್ತಿಯ ಸಾಷ್ಟಾಂಗ ನಮಸ್ಕಾರಗಳು. ಐದು ತಿಂಗಳ ಬಸುರಿಯಾದ್ದರಿಂದ ಸಾಷ್ಟಾಂಗವನ್ನು ಸದ್ಯ ಕಾಗದದ ಮೇಲಷ್ಟೇ ಮಾಡಬಲ್ಲೆ, ಮನ್ನಿಸಬೇಕು.

ಗಿರಾಕಿಗೆ ಸೆಂಟಿನ ಸುವಾಸನೆ ತೋರಿಸಲು ಕಾಗದದ ಪಟ್ಟಿ ಬಳಸಕೂಡದು, ಮಾರುವವಳ ಮುಂಗೈಗೇ ಸಿಂಪಡಿಸಿ ಮೂಸಲು ಕೊಡಬೇಕು ಎಂಬ ತಮ್ಮ ನಿಯಮವನ್ನು ಏಳು ವರ್ಷಗಳಿಂದ ಚಾಚೂ ತಪ್ಪದೆ ಪಾಲಿಸಿದ್ದೇನೆ. ಕಾಗದಕ್ಕೆ ಜೀವವಿಲ್ಲ, ಚರ್ಮ ಮಾತಾಡುತ್ತದೆ ಎಂದು ತರಬೇತಿಯಲ್ಲಿ ತಾವು ಅಪ್ಪಣೆ ಕೊಡಿಸಿದ್ದಿರಿ. ಅದು ಮಾತಾಡುವುದಷ್ಟೇ ಅಲ್ಲ, ಕುಡಿಯುತ್ತದೆ ಕೂಡ ಎಂಬುದು ಡಾಕ್ಟರಮ್ಮ ಹೇಳಿದ ಮೇಲೆ ತಿಳಿಯಿತು. ಒಳಗಿಳಿದದ್ದನ್ನು ನನ್ನ ಯಕೃತ್ತು ನೀರಲ್ಲಿ ಕರಗುವಂತೆ ಹದಮಾಡಿ ಮೂತ್ರಪಿಂಡಗಳಿಗೆ ದಾಟಿಸುತ್ತದಂತೆ, ಅವು ಬಹುಪಾಲನ್ನು ಒಂದೆರಡು ದಿನದಲ್ಲಿ ಆಚೆ ಹಾಕುತ್ತವಂತೆ. ಅಷ್ಟರಲ್ಲಿ ನಾನು ಮತ್ತೆ ಕೌಂಟರಿಗೆ ಬಂದು ನಿಂತಿರುತ್ತೇನೆ.

ಅವರು ಬರೆದುಕೊಟ್ಟ ಮೂತ್ರಪರೀಕ್ಷೆಗೆ ಹೊರಟಾಗ ಒಂದು ಎಡವಟ್ಟಾಯಿತು. ನಮ್ಮ ಕೌಂಟರಿನವರು ಯಾವ ಬಾಟಲಿಯನ್ನೂ ತೊಳೆದು ಒರೆಸದೆ ಯಾರ ಕೈಗೂ ಕೊಡುವವರಲ್ಲ. ಅಭ್ಯಾಸಬಲದಿಂದ ಆ ಬಾಟಲಿಯನ್ನೂ ತಮ್ಮ ಗುಲಾಬಿ ಹ್ಯಾಂಡ್‌ವಾಶಿನಿಂದಲೇ ತೊಳೆದು ಒಯ್ದೆ. ಲ್ಯಾಬಿನಾಕೆ ಮುಚ್ಚಳ ತೆಗೆದು, "ಏನಮ್ಮಾ, ಪರೀಕ್ಷೆಗೆ ತಂದಿದೀಯೋ, ಮಾರೋಕೆ ತಂದಿದೀಯೋ?" ಎಂದು ಕೇಳಿ, ಬೇರೆ ಬಾಟಲಿ ಕೊಟ್ಟಳು. ಅದರ ಫಲಿತಾಂಶದಲ್ಲಿದ್ದ ರಾಸಾಯನಿಕಗಳ ಹೆಸರುಗಳನ್ನು ನಾನು ಎಲ್ಲೋ ಓದಿದ್ದೆ. ತಮ್ಮ ಡಬ್ಬಿಯ ಹಿಂದಿನ ಸಣ್ಣಕ್ಷರಗಳಲ್ಲಿ! ಆಮೇಲೆ ಮೂರು ದಿನ ರಜೆ ಹಾಕಿ, ಏನೂ ಹಚ್ಚಿಕೊಳ್ಳದೆ ಮನೆಯಲ್ಲಿದ್ದು ಮತ್ತೆ ಪರೀಕ್ಷೆ ಮಾಡಿಸಿದರೆ ಅವುಗಳ ಪ್ರಮಾಣ ಮುಕ್ಕಾಲುಪಾಲು ಇಳಿದಿತ್ತು.

ಆದ್ದರಿಂದ ಮಾನ್ಯರೇ, ತಮ್ಮ ಸಂಸ್ಥೆಗಾಗಿ ಭಾನುವಾರವೂ ದುಡಿಯುವ ನನ್ನ ಎರಡು ಮೂತ್ರಪಿಂಡಗಳಿಗೂ ಒಂದು ಯಕೃತ್ತಿಗೂ ಗುರುತಿನ ಚೀಟಿ ಕೊಟ್ಟು, 'ತಿಂಗಳ ಅತ್ಯುತ್ತಮ ಉದ್ಯೋಗಿ' ಫಲಕದಲ್ಲಿ ಅವುಗಳ ಸ್ಕ್ಯಾನ್ ಚಿತ್ರ ತೂಗುಹಾಕಬೇಕಾಗಿ ಕೋರುತ್ತೇನೆ. ಬೇಡವಾದ ಮಾಲನ್ನು ಮೂವತ್ತು ದಿನದೊಳಗೆ ಹಿಂತಿರುಗಿಸಬಹುದೆಂಬ ತಮ್ಮ ಉದಾರ ನಿಯಮದಂತೆ, ನನ್ನ ದೇಹ ಎರಡೇ ದಿನದಲ್ಲಿ ಹಿಂತಿರುಗಿಸುವ ಮಾಲನ್ನು ಸ್ವೀಕರಿಸಲು ಕೇಂದ್ರ ಕಚೇರಿಯಲ್ಲಿ ಒಂದು ಕಿಟಕಿ ತೆರೆಯಬೇಕು. ಕಿಟಕಿ ಸ್ವಲ್ಪ ತಗ್ಗಿನಲ್ಲಿರಲಿ.

ತಮಾಷೆ ಸಾಕು. ಈ ರಾಸಾಯನಿಕಗಳಲ್ಲಿ ಕೆಲವು ಮಗುವಿನವರೆಗೂ ತಲುಪುತ್ತವಂತೆ. ಎಷ್ಟು ಕೆಡುಕೆಂದು ಕೇಳಿದ್ದಕ್ಕೆ ಡಾಕ್ಟರಮ್ಮ, "ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಬೇಡದ್ದು ಯಾಕೆ ಒಳಗೆ ಹೋಗ್ಬೇಕು?" ಎಂದರು. ನನಗೆ ಹೆದರಿಕೆಯಾಗಿದೆ. ನನ್ನ ಯಕೃತ್ತಿಗಾದರೂ ಏಳು ವರ್ಷದ ಅನುಭವವಿದೆ, ಮಗುವಿನದು ಇನ್ನೂ ಕೆಲಸ ಕಲಿಯುತ್ತಿದೆ. ಅದನ್ನು ನೇಮಕ ಮಾಡಿಕೊಳ್ಳಬೇಡಿ. ಕಾಗದದ ಪಟ್ಟಿ ಕೇಳಿದ್ದಕ್ಕೆ ತಮ್ಮ ಮೇಲ್ವಿಚಾರಕರು, "ನಿಯಮ ಅಂದ್ರೆ ನಿಯಮ. ಆಗಲ್ಲ ಅಂದ್ರೆ ಮನೇಲಿರಿ" ಎಂದಿದ್ದಾರೆ. ನನಗೆ ಕೆಲಸವೂ ಬೇಕು, ಮಗುವೂ ಬೇಕು. ನಾಳೆಯಿಂದ ಪಟ್ಟಿಯನ್ನು ನಾನೇ ಕತ್ತರಿಸಿ ತರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮೂರನೇ ಕೌಂಟರಿನವಳು

ತಾಜಾಕಲಂ: ತಮಗೆ ತಲೆನೋವು ಬರುತ್ತದೆಂದು ತಮ್ಮ ಕೋಣೆಯ ಬಾಗಿಲಿಗೆ 'ಸೆಂಟು ಹಾಕಿಕೊಂಡವರು ಒಳಗೆ ಬರಬಾರದು' ಎಂಬ ಫಲಕ ಹಾಕಿಸಿದ್ದೀರಿ, ಪ್ರತಿ ತಿಂಗಳ ಸಭೆಗೆ ನಾವೆಲ್ಲ ಮೊಳಕೈವರೆಗೂ ತೊಳೆದುಕೊಂಡೇ ಬರುತ್ತೇವೆ. ಅಂಥದೇ ಒಂದು ಫಲಕವನ್ನು ದಯವಿಟ್ಟು ನನಗೂ ಕಳಿಸಿಕೊಡಿ. ಹೊಟ್ಟೆಯ ಮೇಲೆ ಕಟ್ಟಿಕೊಳ್ಳುತ್ತೇನೆ; ಒಳಗೆ ಒಬ್ಬರಿದ್ದಾರೆ.