ಕಾಕುವಿನ ಭರಣಿ, ಕಾಕಾನ ಮೂಗು

ನಮ್ಮೂರು ಮೈಂದರ್ಗಿಯಲ್ಲಿ ಯಾರ ಮನೆಯಲ್ಲಿ ಏನು ಜಗಳ ನಡೆದಿದೆ ಎಂಬುದು ನಮ್ಮ ಕಾಕಾನಿಗೆ ಎಂದೂ ಗೊತ್ತಿರಲಿಲ್ಲ. ಆದರೆ ಯಾರ ಮನೆಯ ಎಣ್ಣೆ ಕಮಟಾಗಿದೆ ಎಂಬುದು ಓಣಿಯ ತುದಿಯಲ್ಲೇ ಮೂಗಿಗೆ ಬಡಿಯುತ್ತಿತ್ತು! ಇಂಥವನನ್ನು ಊಟಕ್ಕೆ ಕರೆಯುವ ಧೈರ್ಯ ಯಾರಿಗಿದ್ದೀತು?

ಅವನ ಈ ಎಣ್ಣೆಯ ಹುಚ್ಚಿಗೆ ಕಾರಣವಿತ್ತು. ಮಗಳು ಗಂಗವ್ವನ ಮದುವೆ ಗೊತ್ತಾದಾಗ ಅವನ ಹೆಂಡತಿ, ನಮ್ಮ ಕಾಕು, ಹೊಸ ಕುಸುಬೆಯನ್ನು ಗಾಣಕ್ಕೆ ಹಾಕಿಸಿ, ಅರಿಶಿನೆಣ್ಣೆಯ ಶಾಸ್ತ್ರಕ್ಕೆಂದು ಒಂದು ಭರಣಿ ಎಣ್ಣೆ ತೆಗೆದಿಟ್ಟಿದ್ದಳು. ಆಮೇಲೆ ಜ್ವರ ಬಂದು ತೀರಿಹೋದಳು. ಮದುವೆ ಮುಂದಕ್ಕೆ ಹೋಯಿತು. ಕಾಕಾ ಹಟ ಹಿಡಿದ. ಮಗಳಿಗೆ ಅದೇ ಎಣ್ಣೆ ಹಚ್ಚಬೇಕು, ಅಲ್ಲಿಯವರೆಗೆ ಅದು ಕೆಡಬಾರದು!

ತುಪ್ಪ ಕಾಸುವಾಗ ನಮ್ಮವರು ವೀಳ್ಯದೆಲೆ ಹಾಕುತ್ತಾರಲ್ಲ, ಎಣ್ಣೆಗೇಕೆ ಹಾಕಬಾರದು? ಮೊದಲು ಅಡಿಗೆಯ ಎಣ್ಣೆಗೆ ಹಸಿ ಎಲೆ ಹಾಕಿ ನೋಡಿದ. ಎಲೆಯ ನೀರಿಗೆ ಬೂಸು ಹಿಡಿಯಿತು. ಆಮೇಲೆ ಕರಿಬೇವು, ಲವಂಗ, ನುಗ್ಗೆಸೊಪ್ಪು ಎಲ್ಲವನ್ನೂ ಒಣಗಿಸಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಸಿ ಸೋಸಿದ. ನಮ್ಮ ಮನೆಯಲ್ಲಿ ದೇವರ ದೀಪಕ್ಕೂ ಒಗ್ಗರಣೆಯ ವಾಸನೆ! ಕೊನೆಗೆ ನುಗ್ಗೆಸೊಪ್ಪೇ ಮೇಲೆಂದು ತೀರ್ಮಾನಿಸಿ, ಕಾಕುವಿನ ಎಣ್ಣೆಯನ್ನೂ ಹಾಗೆಯೇ ಕಾಸಿ, ಭರಣಿಯ ಬಾಯಿ ಕಟ್ಟಿಟ್ಟ.

ಅಷ್ಟಕ್ಕೆ ಸುಮ್ಮನಾದನೇ? ಸೊಪ್ಪಿನ ಕಟ್ಟು ಬಗಲಲ್ಲಿಟ್ಟುಕೊಂಡು ಸೊಲ್ಲಾಪುರದ ಎಣ್ಣೆ ಅಂಗಡಿಯವನಿಗೆ ಸಂಜೆ ಗಿರಣಿಯ ಭೋಂಗಾ ಊದುವವರೆಗೂ ಪಾಠ ಹೇಳಿದ. ಅವನು ಕೈಮುಗಿದ. "ಕಾಕಾ, ಎಣ್ಣಿ ಒಯ್ಯಾಕ ಬಂದೀರೋ, ನನ್ನ ದುಕಾನಕ್ಕ ಒಗ್ಗರಣಿ ಹಾಕಾಕ ಬಂದೀರೋ?"

ಅಕ್ಕಲಕೋಟದ ಬೀಗರು ಮುಹೂರ್ತ ಗೊತ್ತುಮಾಡಲು ಬಂದಾಗ ಮಾತ್ರ ನಮ್ಮ ಜೀವ ಬಾಯಿಗೆ ಬಂತು. ಕಾಕಾ ಅವರ ಮುಂದೆ ಎರಡು ತಾಟು ಭಜಿ ಇಟ್ಟ. ಬೀಗರು ಮೊದಲ ತಾಟಿನದೊಂದನ್ನು ಬಾಯಿಗಿಟ್ಟು ಮುಖ ಕಿವುಚಿದರು.

"ಹಾಂ! ಅದು ಸೊಪ್ಪು ಹಾಕದ ಎಣ್ಣಿದು," ಕಾಕಾ ಹಿಗ್ಗಿದ. "ಈಗ ಇದನ್ನ ತಿನ್ನರಿ, ಫರಕ್ ತಿಳಿತದ!"

"ತಿಳೀತ್ರಿ," ಎನ್ನುತ್ತ ಬೀಗರು ಎರಡನೆಯ ತಾಟು ಮುಟ್ಟದೆ ನೀರಿನ ತಂಬಿಗೆ ಎತ್ತಿದರು. "ಮುಹೂರ್ತ ಲಗೂ ಇಡೂಣು. ಇನ್ನೊಮ್ಮಿ ಬಂದು ಉಣ್ಣೂದು ನಮ್ಮ ಕೈಲಿ ಆಗೂದಿಲ್ಲ."

ಅರಿಶಿನದ ದಿನ ಕಾಕಾ ಭರಣಿ ಬಿಚ್ಚಿ ಮೂಸಿದ. ಸಣ್ಣಗೆ ಕಮಟು ಹತ್ತಿತ್ತು.

"ಕೆಟ್ಟದವ್ವಾ. ಬ್ಯಾರೆ ಎಣ್ಣಿ ತರಸ್ತೀನಿ," ಎಂದ.

ಗಂಗವ್ವ ಮಣೆಯಿಂದ ಏಳಲಿಲ್ಲ. "ನಾ ದೊಡ್ಡಾಕಿ ಆಗೀನಲ್ಲಪ್ಪಾ, ಎಣ್ಣಿಗೂ ಒಂದೀಟು ವಯಸ್ಸಾಗ್ಯದ. ಅವ್ವ ಇಟ್ಟಿದ್ದು ಅದ. ನೀನ ಹಚ್ಚು."

ಎಣ್ಣೆ ಹಚ್ಚುವುದು ಮುತ್ತೈದೆಯರ ಕೆಲಸ. ಆ ದಿನ ಅವರೆಲ್ಲ ಹಿಂದೆ ಸರಿದರು. ಕಾಕಾ ಮಗಳ ನೆತ್ತಿಗೆ ಎಣ್ಣೆ ಹಚ್ಚಿದ. ಯಾರೂ ಮೂಗು ಮುಚ್ಚಲಿಲ್ಲ.