ಗಿಣಿಯಕ್ಕ ಬಿಡಿಸಿದ ಹೂವು

ಎಲ್ಲದಕ್ಕೂ ಕಾರಣ ಒಂದು ಚಹಾದ ಲೋಟ. ಗಿಣಿಯಕ್ಕ ಅದನ್ನು ಕಿಟಕಿಯ ಕಟ್ಟೆಯ ಮೇಲಿಡಬೇಕಿತ್ತು. ಆದರೆ ಕಣ್ಣು ಕಿಟಕಿ ಪಕ್ಕದ ಖಾಲಿ ಮೇಜಿನ ಮೇಲಿತ್ತು. ಕೈ ಲೋಟವನ್ನು ತಂದು ಎದುರಿಗೆ ಹರಡಿದ್ದ ಬಟ್ಟೆಯ ಮೇಲೆಯೇ ಇಟ್ಟುಬಿಟ್ಟಿತು.

ಆ ಮೇಜಿನ ಮುಂದೆ ಕೂತು ಬಿದಿರುಕಡ್ಡಿಯಿಂದ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದಾಕೆ ಕೆಲಸ ಬಿಟ್ಟು ವಾರವಾಗಿತ್ತು. ಆ ಜಾಗಕ್ಕೆ ಯಾರೆಂದು ಅಚ್ಚಿನ ಕಾರ್ಖಾನೆಯ ಯಜಮಾನಿ ಇವತ್ತು ಹೇಳುವವರಿದ್ದರು. ಗಿಣಿಯಕ್ಕನಾದರೋ ಹದಿನೆಂಟು ವರ್ಷದಿಂದ ಅದೇ ಮರದ ಅಚ್ಚು, ಅದೇ ಗಿಣಿ ಒತ್ತುತ್ತ ಬಂದವಳು. ಬಣ್ಣಕ್ಕೆ ಅದ್ದು, ಬಟ್ಟೆಯ ಮೇಲಿಡು, ಮುಷ್ಟಿಯಿಂದ ಗುದ್ದು. ನಿದ್ದೆಯಲ್ಲೂ ಗುದ್ದುತ್ತಾಳೆಂದು ಗಂಡ ಮಂಚದ ತುದಿಗೆ ಸರಿದು ಎಷ್ಟೋ ಕಾಲವಾಗಿತ್ತು. ಒಮ್ಮೆಯಾದರೂ ತಾನೇ ಒಂದು ಗೆರೆ ಎಳೆಯಬೇಕು, ಅದು ಎಲ್ಲಿಗೆ ಹೋಗುತ್ತದೋ ನೋಡಬೇಕು ಎಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಲೋಟ ಎತ್ತಿದರೆ, ಎರಡು ಗಿಣಿಗಳ ನಡುವೆ ದುಂಡಗೆ ಒಂದು ಕಂದು ಬಳೆ.

"ಅಯ್ಯೋ ಅತ್ತಿಗೆ!" ಪಕ್ಕದ ಮೇಜಿನಿಂದ ನಾದಿನಿ ಓಡಿಬಂದಳು. ಯಾವ ಅಚ್ಚನ್ನೂ ನೆಟ್ಟಗೆ ಒತ್ತಿ ಗೊತ್ತಿಲ್ಲದವಳು. "ಸುಮ್ನಿರಿ, ಒರೆಸಿದ್ರೆ ಹೋಗತ್ತೆ."

"ಬೇಡ ಕಣೇ..."

ಅಷ್ಟರಲ್ಲಿ ಒದ್ದೆಬಟ್ಟೆ ಆಡಿಯಾಗಿತ್ತು. ಬಳೆಯಷ್ಟಿದ್ದದ್ದು ತಟ್ಟೆಯಷ್ಟಾಯಿತು, ನಡುವಿನ ಬಳೆ ಮಾತ್ರ ಅಳಿಯಲಿಲ್ಲ.

"ಇದು ಹೋಗಲ್ಲ ಅನ್ಸತ್ತೆ" ಎಂದಳು ನಾದಿನಿ, ಆಗಷ್ಟೇ ಬಂದು ನೋಡಿದವಳ ಹಾಗೆ.

ಗದ್ದಲ ಕೇಳಿ ಬಣ್ಣ ಕಾಯಿಸುವ ತಾತ ಬಂದರು. "ಇಷ್ಟಕ್ಕೆ ಮುಖ ಯಾಕಮ್ಮ ಸಣ್ಣ ಮಾಡ್ಕೋತೀಯ? ಪಟಿಕದ ನೀರು ಸವರ್ತೀನಿ, ಮಾಯ!"

ತಾತನ ಬಳಿ ಒಂದೇ ತರದ ಎರಡು ಮಡಕೆಗಳು. ಒಂದರಲ್ಲಿ ಪಟಿಕದ ನೀರು, ಇನ್ನೊಂದರಲ್ಲಿ ಹಳೇ ಮೊಳೆ, ಬೆಲ್ಲ ಹಾಕಿ ಹುಳಿ ಬರಿಸಿದ ಕಬ್ಬಿಣದ ನೀರು. ಯಾವುದು ಯಾವುದೆಂದು ಅವರು ಮೂಸಿಯೇ ಹೇಳುತ್ತಿದ್ದರು. ಇವತ್ತು ಅವರಿಗೆ ನೆಗಡಿ.

ಚಹಾದ ಒಗರಿಗೆ ಕಬ್ಬಿಣ ಸೇರಿದ್ದೇ ತಡ, ಕಲೆ ಕಾಡಿಗೆಯಂತೆ ಕಪ್ಪಾಯಿತು.

"ಗಿಣಿಗಳ ಮಧ್ಯೆ ಕಾಗೆ ಕೂತ ಹಾಗಿದೆ" ಎಂದಳು ನಾದಿನಿ.

"ಬಣ್ಣ ಮಾತ್ರ ಗಟ್ಟಿ ಹಿಡ್ದಿದೆ ನೋಡು. ನೂರು ಸಲ ಒಗೆದ್ರೂ ಜಗ್ಗಲ್ಲ!" ತಾತ ಅಭ್ಯಾಸಬಲದಿಂದ ಹೆಮ್ಮೆಪಟ್ಟರು.

ಗಿಣಿಯಕ್ಕ ಎದ್ದು ಖಾಲಿ ಮೇಜಿನ ಬಿದಿರುಕಡ್ಡಿಯನ್ನು ತಂದಳು.

"ಅತ್ತಿಗೆ, ಯಾರನ್ನ ಕೇಳಿ ಮುಟ್ಟಿದ್ರಿ?"

"ನೀವಿಬ್ರೂ ಯಾರನ್ನ ಕೇಳಿ ಕೆಡಿಸಿದ್ರಿ?"

ಕಲೆಯ ಅಂಚಿನಲ್ಲಿ ಒಂದು ದಳ ಎಳೆದಳು. ಆಮೇಲೆ ಕೈ ತವರಿಗೆ ಹೊರಟ ಹೆಣ್ಣಿನ ಹಾಗೆ ಓಡತೊಡಗಿತು. ದಳಕ್ಕೆ ದಳ ತಾಗಿತು, ದಂಟು ಬಾಗಿತು, ಒಂದು ಎಲೆ ಹೊರಳಿ ಗಿಣಿಯ ಬಾಲ ಸೋಕಿ ನಿಂತಿತು. ನಾದಿನಿ ಒದ್ದೆಬಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದಳು.

ಅಷ್ಟರಲ್ಲಿ ಯಜಮಾನಿ ಬಂದರು. ಬಟ್ಟೆಯ ಮುಂದೆ ನಿಂತರು. "ಯಾರೇ ಬರೆದದ್ದು ಇದು?"

"ನಾ... ನಾನೇ ಅಮ್ಮ."

"ಇಷ್ಟು ವರ್ಷ ಎಲ್ಲಿ ಬಚ್ಚಿಟ್ಕೊಂಡಿದ್ದೆ ಇದನ್ನ? ಇನ್ಮೇಲೆ ನನ್ನ ಪ್ರತಿ ಬಟ್ಟೆಯಲ್ಲೂ ಈ ಹೂವು ಇರಬೇಕು."

ಗಿಣಿಯಕ್ಕ ಮನಸ್ಸಿನಲ್ಲೇ ಹೋಗಿ ಕಿಟಕಿಯ ಪಕ್ಕ ಕೂತಾಗಿತ್ತು. ಯಜಮಾನಿ ಅಚ್ಚು ಕೆತ್ತುವ ಬಡಗಿಯನ್ನು ಕೂಗಿದರು. "ಇದನ್ನ ಹೀಗೇ ಮರದಲ್ಲಿ ಕೆತ್ತಿಬಿಡು. ಒತ್ತೋಕೆ ಇವಳೇ ಸರಿ. ಇಂಥ ಅಳತೆ ತಪ್ಪದ ಕೈ ನನಗೆ ಇನ್ನೆಲ್ಲಿ ಸಿಗತ್ತೆ?"

"ಅಮ್ಮ, ಆ ಕಿಟಕಿ ಹತ್ರದ ಮೇಜು..."

"ಅದಾ? ನಿನ್ನ ನಾದಿನಿ ಕೂತ್ಕೊಳ್ಲಿ. ಅಚ್ಚಂತೂ ಅವಳ ಕೈಲಿ ನೆಟ್ಟಗೆ ಬರಲ್ಲ. ಚಿತ್ರ ಆದ್ರೆ ಸೊಟ್ಟಗಿದ್ರೂ ಚೆಂದ."

ಬಡಗಿ ಬಟ್ಟೆಯ ಮೇಲೆ ಬಗ್ಗಿದ. "ಗಿಣಿಯಕ್ಕ, ನಡುವೆ ಇದೇನೋ ಉಂಗುರದ ಹಾಗಿದೆ. ಕೆತ್ಲಾ, ಬಿಡ್ಲಾ?"

ಗಿಣಿಯಕ್ಕ ತನ್ನ ಹೂವನ್ನು ಇನ್ನೊಮ್ಮೆ ನೋಡಿದಳು. ಚೆನ್ನಾಗಿಯೇ ಇತ್ತು. ಗುದ್ದುವುದು ತಪ್ಪಲಿಲ್ಲ, ನಿಜ. ಆದರೆ ಗುದ್ದಿದಾಗೆಲ್ಲ ಅರಳುವುದು ತನ್ನದೇ ಹೂವು. "ಕೆತ್ತಪ್ಪ" ಎಂದು ನಕ್ಕಳು. "ಅದರಿಂದಲೇ ಅಲ್ವಾ ಹೂವು ಹುಟ್ಟಿದ್ದು."

ಸಂಜೆ ಚಹಾ ಬಂತು. ಬುದ್ಧಿ ಕಲಿತ ಗಿಣಿಯಕ್ಕ ಈ ಸಲ ಲೋಟವನ್ನು ನೆನಪಿಟ್ಟು ಕಿಟಕಿಯ ಕಟ್ಟೆಗೆ ಒಯ್ದಳು.

"ಅತ್ತಿಗೆ!" ಹೊಸ ಮೇಜಿನಿಂದ ನಾದಿನಿ ಚೀರಿದಳು. "ಇಲ್ಲಿಡಬೇಡ್ರೀ, ನನ್ನ ಚಿತ್ರದ ಮೇಲೆ ಚೆಲ್ಲೀತು!"